ಅತ್ತೆಯ ಕಾರ್ಪೆಟ್ಟು, ಮೇಷ್ಟ್ರ ಚಹಾ

“ಚೆಲ್ಲೋ ವಂಶವೇ ನಮ್ಮದಲ್ಲ ಕಣೇ! ಓಡೋ ಬಸ್ಸಲ್ಲಿ ನಿಂತ್ಕೊಂಡು ತುಂಬಿದ ಲೋಟ ಚಹಾ ಕುಡಿದೋನು ನಾನು!”

ಹೀಗೆಂದು ರಸಾಯನಶಾಸ್ತ್ರದ ಮೇಷ್ಟ್ರು ಎದೆಯುಬ್ಬಿಸಿದ್ದು, ಅವರ ಹೆಂಡತಿ ತಾಯಿಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೊರಟಾಗ. ಆಕೆ ಹೊಸಿಲಲ್ಲೇ ನಿಂತು ಬೆರಳು ತೋರಿಸಿದಳು.

“ಚಹಾ ಏನಿದ್ರೂ ಅಡುಗೆಮನೇಲಿ! ಅಮ್ಮ ಮದುವೇಲಿ ಕೊಟ್ಟ ಕಾರ್ಪೆಟ್ಟು ಅದು. ಬಂದಾಗಲೆಲ್ಲ ಮೊದಲು ಅದನ್ನೇ ನೋಡ್ತಾಳೆ. ಆಮೇಲೆ ಮಾತಿಲ್ಲ ಕತೆಯಿಲ್ಲ, ಮುಖ ಊದಿಸ್ಕೊಂಡು ಕೂರ್ತಾಳೆ. ಈ ಸಲ ಒಂದು ಹನಿ ಬಿದ್ದಿದ್ರೂ ಮತ್ತೆ ನಮ್ಮನೆ ಮೆಟ್ಟಿಲು ಹತ್ತಲ್ಲ, ಹೇಳಿದ್ದೀನಿ!”

ಬಾಗಿಲು ಮುಚ್ಚಿತು. ಬೇಡವೆಂದದ್ದನ್ನು ಮಾಡುವುದರಲ್ಲಿರುವ ರುಚಿ ಸಕ್ಕರೆಯಲ್ಲೂ ಇಲ್ಲ ನೋಡಿ. ಮೇಷ್ಟ್ರು ಲೋಟದ ತುಂಬ ಚಹಾ ಹಿಡಿದು ಕಾರ್ಪೆಟ್ಟಿನ ನಟ್ಟನಡುವೆಯೇ ಚಕ್ಕಂಬಕ್ಕಳ ಹಾಕಿ ಕುಳಿತರು. ಅಷ್ಟರಲ್ಲಿ ಫೋನು ಕಿರುಚಿತು. ಲೋಟ ಮಗುಚಿತು!

“ರೀ, ಬಸ್ಸು ಮೊದಲೇ ಬಂದುಬಿಟ್ಟಿದೆ, ಹೊರಟ್ವಿ. ಯಾಕೆ ಏದುಸಿರು ಬಿಡ್ತಿದ್ದೀರಿ?”

“ವ್ಯಾ... ವ್ಯಾಯಾಮ!”

ಮೇಷ್ಟ್ರ ಜೀವ ಬಾಯಿಗೆ ಬಂತು. ಆದರೂ ಕಲಿತ ವಿದ್ಯೆ ಕೈಬಿಡುತ್ತದೆಯೇ? ವಿನಿಗರ್ ಸುರಿದರು, ಅಡುಗೆ ಸೋಡಾ ಉದುರಿಸಿದರು. ನೊರೆ ಬುಸುಗುಟ್ಟಿತು. ಸೋಪಿನಪುಡಿ ಹಾಕಿ ಬ್ರಷ್ಷಿನಿಂದ ತಿಕ್ಕಿದರು, ಹಳೆಯ ಬನಿಯನ್ನಿನಿಂದ ಒರೆಸಿದರು. ಸೊಂಟ ಹಿಡಿದುಕೊಂಡಿತು, ಆದರೆ ಕಲೆ ಮಾಯ!

“ಭಲೇ!” ಎಂದು ಎದ್ದು ನಿಂತು ನೋಡಿದವರೇ ತಲೆಯ ಮೇಲೆ ಕೈಹೊತ್ತರು. ಕಂದು ಕಾರ್ಪೆಟ್ಟಿನ ನಡುವೆ ಊಟದ ತಟ್ಟೆಯಗಲದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಬಣ್ಣವೇ ಕಿತ್ತುಹೋಯಿತೇ! ಚಹಾದ ಕಲೆಗಾದರೆ ಏನಾದರೂ ಸಬೂಬು ಹೇಳಬಹುದು, ಇದಕ್ಕೇನು ಹೇಳುವುದು? ಟೀಪಾಯಿ ಎಳೆದು ಮುಚ್ಚಲು ನೋಡಿದರು. ಅದರ ಗಾಜಿನಡಿ ಬಿಳುಪು ಇನ್ನಷ್ಟು ಎದ್ದು ಕಂಡಿತು.

“ರೀ, ಬೀದಿ ತಿರುವಿಗೆ ಬಂದ್ವಿ,” ಎಂದಿತು ಫೋನು.

ಆಗಲೇ ಮೇಷ್ಟ್ರಿಗೊಂದು ಉಪಾಯ ಹೊಳೆಯಿತು. ಬಿಳಿ ಜಾಗ ಕಂದಾಗಬೇಕು. ಮನೆಯಲ್ಲಿ ಕಂದು ಬಣ್ಣ ಯಾವುದಿದೆ? ಚಹಾ! ಯಾವುದನ್ನು ತೆಗೆಯಲು ಸೊಂಟ ಮುರಿದುಕೊಂಡಿದ್ದರೋ ಅದನ್ನೇ ಪಾತ್ರೆಸಮೇತ ತಂದು, ಗೋಡೆಗೆ ಬಣ್ಣ ಹೊಡೆಯುವ ಬ್ರಷ್ಷು ಅದ್ದಿ, ಮಂಡಿಯೂರಿ ಬಳಿಯತೊಡಗಿದರು. ಅರ್ಧ ಮುಗಿಯಿತು. ಇನ್ನರ್ಧಕ್ಕೆ ಬ್ರಷ್ಷು ಎತ್ತಿದ್ದೇ ತಡ, ಬಾಗಿಲು ತೆರೆಯಿತು.

“ರೀ! ಕಾರ್ಪೆಟ್ಟಿಗೆ ಚಹಾ ಬಳೀತಿದ್ದೀರಾ?!”

ಮೇಷ್ಟ್ರು ಬ್ರಷ್ಷನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಅತ್ತೆ ಚೀಲ ಕೆಳಗಿಟ್ಟು ಬಾಗಿದರು. ಉಳಿದಿದ್ದ ಬಿಳುಪಿನ ಮೇಲೆ ಕೈಯಾಡಿಸಿದರು. ಅವರ ಕಣ್ಣು ತುಂಬಿ ಬಂತು. ಮುಗಿಯಿತು ನನ್ನ ಕತೆ, ಎಂದುಕೊಂಡರು ಮೇಷ್ಟ್ರು.

“ನಂದೇ ಕಣೇ ಇದು!” ಎಂದರು ಅತ್ತೆ. “ನಾನು ಕೊಟ್ಟಿದ್ದು ಹಾಲಿನಂಥ ಬಿಳೀದು. ಬಂದಾಗಲೆಲ್ಲ ಈ ಕಂದು ಬಣ್ಣ ನೋಡಿ, ನನ್ನದನ್ನ ಯಾರಿಗೋ ಕೊಟ್ಟು ಬೇರೆ ಹಾಸಿದ್ದೀರಿ ಅಂತ ಒಳಗೊಳಗೇ ನೊಂದ್ಕೊಳ್ತಿದ್ದೆ. ಬಾಯಿ ಬಿಟ್ಟು ಹೇಗೆ ಕೇಳೋದು?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ದಿನಾ ತುಳಿದೂ ತುಳಿದೂ ಕೊಳೆ ಹಿಡಿದು, ಇಬ್ಬರಿಗೂ ಅದರ ಮೂಲ ಬಣ್ಣವೇ ಮರೆತುಹೋಗಿತ್ತು.

“ನೀರು ಸೋಕಿದ್ರೆ ಹಾಳಾಗುತ್ತೆ ಅಂತ ಒಂದು ದಿನಾನೂ ತೊಳೆದಿರಲಿಲ್ಲಮ್ಮ,” ಎಂದಳು ಮಗಳು, ಸಣ್ಣ ದನಿಯಲ್ಲಿ.

“ಅದಕ್ಕೇ ನೋಡು, ಅಳಿಯಂದ್ರೇ ಕೈಹಾಕಬೇಕಾಯ್ತು!”

ಮೇಷ್ಟ್ರ ಎದೆ ಮತ್ತೆ ಉಬ್ಬತೊಡಗಿತು.

“ಹೇಗೂ ಶುರು ಮಾಡಿದ್ದೀರಿ, ಉಳಿದದ್ದನ್ನೂ ಹೀಗೇ ಉಜ್ಜಿಬಿಡಿ. ಮೊದಲು ಆ ಬಳಿದಿರೋದು!”

ಸಂಜೆಯಾದರೂ ಮೇಷ್ಟ್ರು ಕೊನೆಯ ಮೂಲೆಯಲ್ಲಿ ಅಂಬೆಗಾಲಿಡುತ್ತಿದ್ದರು. ತಾಯಿ ಮಗಳು ಸೋಫಾದ ಮೇಲೆ ಕಾಲು ಮಡಚಿ ಕುಳಿತು ಚಹಾ ಹೀರುತ್ತಿದ್ದರು. ಅತ್ತೆಯ ಲೋಟ ಮಾತಿನ ಭರದಲ್ಲಿ ಕಾರ್ಪೆಟ್ಟಿನ ಮೇಲೇ ವಾಲಿತು.

“ಅತ್ತೇ, ಹುಷಾರು! ಚೆಲ್ಲುತ್ತೆ!” ಮೇಷ್ಟ್ರು ಚೀರಿದರು.

“ಚೆಲ್ಲಿದ್ರೇನಂತೆ?” ಅತ್ತೆ ಹಾಯಾಗಿ ನಕ್ಕರು. “ನೀವಿದ್ದೀರಲ್ಲ ಅಳಿಯಂದ್ರೇ!”