ಕಿಸೆಗೆ ಹಿಡಿಸುವ ನೋಟುಪುಸ್ತಕ

ನನಗೆ ನೆಮ್ಮದಿಯಾಗಿ ಕೂತು ಬರೆಯುವ ಯೋಗವಿಲ್ಲ. ಒಳ್ಳೆಯ ಪುಸ್ತಕ ಕೈಗೆ ಬಂತೋ, ಏನಾದರೊಂದು ಎಡವಟ್ಟು ಹಿಂದೆಯೇ ಬರುತ್ತದೆ. ಮೊಬೈಲು ಇನ್ನೂ ಧಣಿಗಳ ಕಿಸೆಯಲ್ಲಿ ಮಾತ್ರ ಇದ್ದ ಕಾಲ. ಗುಜರಾತಿನ ಉಡುಪಿ ಹೋಟೆಲುಗಳಲ್ಲಿ ದೋಸೆ ಹುಯ್ಯುತ್ತಾ ಊರೂರು ತಿರುಗುತ್ತಿದ್ದೆ. ದಿನಚರಿ ಬರೆಯುವ ಚಟವಿತ್ತು. ಜೊತೆಗೆ, ಮಡಚಿ ಹೆಗಲಿಗೇರಿಸುವಂಥ ದೋಸೆ ಗಾಡಿಯ ನಕ್ಷೆಯೊಂದು ತಲೆಯಲ್ಲಿ ಕುದಿಯುತ್ತಿತ್ತು. ಎರಡಕ್ಕೂ ಸೇರಿ ಒಂದು ಪುಸ್ತಕ ಬೇಕಿತ್ತು, ಅಷ್ಟೆ.

೧. ನೀಲಿ ಹೂವು

ಸೂರತ್ತಿನಲ್ಲಿ ದಿನಾ ಇಡ್ಲಿಗೆ ಬರುವ ಬಟ್ಟೆ ದಲ್ಲಾಳಿಯೊಬ್ಬ ಹಳೆಯ ಸ್ಯಾಂಪಲ್ ಪುಸ್ತಕ ಕೊಟ್ಟ. ಪ್ರತಿ ಹಾಳೆಯ ಮೇಲ್ಗಡೆ ಸೀರೆಯ ಒಂದು ತುಂಡು ಅಂಟಿಸಿತ್ತು, ಕೆಳಗೆ ಖಾಲಿ. ಆ ಖಾಲಿ ಜಾಗದಲ್ಲಿ ನನ್ನ ದಿನಚರಿ.

ಒಂದು ಮಧ್ಯಾಹ್ನ ಅದನ್ನು ಮೇಜಿನ ಮೇಲಿಟ್ಟು ಚಟ್ನಿ ತರಲು ಹೋಗಿದ್ದೆ. ಬಂದು ನೋಡಿದರೆ ಗಿರಾಕಿ ಹೆಂಗಸೊಬ್ಬಳು ಹಾಳೆ ಮಗುಚುತ್ತಿದ್ದಾಳೆ.

“ಭಯ್ಯಾ, ಈ ನೀಲಿ ಹೂವಿನದು ಸಿಗುತ್ತದಾ?”

“ಬೆಹನ್‌ಜಿ, ಅದು ನನ್ನ ಡೈರಿ.”

“ಮತ್ತೆ ಕೆಳಗೆ ಇಷ್ಟು ಬರೆದಿದೆಯಲ್ಲ? ಒಗೆದರೆ ಬಣ್ಣ ಬಿಡುತ್ತದೆ ಅಂತಲಾ?”

ಊರು ನೆನಪಾಗಿ ಕಣ್ಣೀರು ಬಂತು ಅಂತ ಬರೆದಿದ್ದೆ. ಹೇಳಲು ನಾಚಿಕೆಯಾಗಿ ತಲೆಯಾಡಿಸಿದೆ. ಅವಳು ಪರಕ್ಕನೆ ಹಾಳೆ ಹರಿದು ಚೀಲಕ್ಕೆ ಹಾಕಿಕೊಂಡಳು. ನನ್ನ ಕಣ್ಣೀರನ್ನು ತೋರಿಸಿ ಸೂರತ್ತಿನ ಎಷ್ಟು ಅಂಗಡಿಯಲ್ಲಿ ಸೀರೆ ಕೇಳಿದಳೋ ಗೊತ್ತಿಲ್ಲ.

೨. ಯಾವ ಕ್ಲಾಸು?

ಅಲ್ಲಿಂದ ವಡೋದರಾಕ್ಕೆ ಹಾರಿದೆ. ಅಲ್ಲಿನ ಗೋರ್ವಾ ಬಡಾವಣೆಯ ಪುಸ್ತಕದಂಗಡಿಯಲ್ಲಿ ಒಳ್ಳೆಯ ನೋಟುಪುಸ್ತಕ ಕೇಳಿದೆ.

“ಮಗು ಯಾವ ಕ್ಲಾಸು?” ಅಂದ ಅಂಗಡಿಯವ.

“ಮಗುವಿಗಲ್ಲ, ನನಗೆ.”

“ಸರಿ ಭಾಯ್, ನೀವು ಯಾವ ಕ್ಲಾಸು?”

“ಆರರಲ್ಲಿ ಬಿಟ್ಟೆ.”

ಅವನು ಒಂದಿಷ್ಟೂ ನಗದೆ ಆರನೇ ಕ್ಲಾಸಿನ ಕಟ್ಟಿನಿಂದ ಒಂದನ್ನು ಎಳೆದುಕೊಟ್ಟ: “ಅಲ್ಲಿಂದಲೇ ಮುಂದುವರಿಸಿ.”

೩. ಏಳು ಕಾರಣ

ಬೇಕಾದದ್ದು ಕೊನೆಗೆ ಸಿಕ್ಕಿದ್ದು ಅಹಮದಾಬಾದಿನ ನದಿ ದಂಡೆಯ ಭಾನುವಾರದ ಸಂತೆಯಲ್ಲಿ. ಬಟ್ಟೆಯ ರಟ್ಟು, ಗೆರೆಯಿಲ್ಲದ ದಪ್ಪ ಹಾಳೆ, ಅಂಗಿ ಕಿಸೆಗೆ ಸರಿಯಾಗಿ ಹಿಡಿಸುವ ಅಳತೆ. ಅಷ್ಟರಲ್ಲಿ ಅದೇ ಊರಿನ ನವರಂಗಪುರದಲ್ಲಿ ನಾನಿದ್ದ ಹೋಟೆಲನ್ನೂ ಬಿಟ್ಟು ಹೊರಡಲು ಕಾಲು ಮತ್ತೆ ತುರಿಸತೊಡಗಿತ್ತು. ಬೇರೆ ಕೆಲಸ ಗೊತ್ತಾಗುವವರೆಗೆ ಯಾರಿಗೂ ತಿಳಿಯಬಾರದೆಂದು ಮೊದಲ ಪುಟದಲ್ಲಿ ಗುಟ್ಟಾಗಿ ಬರೆದೆ: ‘ಈ ಹೋಟೆಲು ಬಿಡಲು ಏಳು ಕಾರಣ.’ ಆಮೇಲಿನ ಪುಟಗಳಲ್ಲಿ ಮೂರು ಚಕ್ರದ ಗಾಡಿಯ ನಕ್ಷೆ.

ನವರಾತ್ರಿ ಬಂತು. ಹೋಟೆಲಿನ ಧಣಿಗಳ ಮನೆಯ ಹಿಂದಿನ ಕೋಣೆಯಲ್ಲೇ ನಮ್ಮ ಕೆಲಸದವರ ವಾಸ. ಧಣಿಗಳ ಹೆಂಡತಿ, ನಾವೆಲ್ಲ ಅಕ್ಕ ಅನ್ನುವವರು, ಶಾರದಾ ಪೂಜೆಗೆಂದು ಮನೆಯ ಪುಸ್ತಕಗಳನ್ನೆಲ್ಲ ಒಟ್ಟುಮಾಡಿದರು. ನನ್ನ ದಿಂಬಿನಡಿಯದ್ದೂ ಹೋಯಿತು.

“ಅಕ್ಕಾ, ಅದು ಪಾಠದ ಪುಸ್ತಕ ಅಲ್ಲ...”

“ಮುಟ್ಟಬೇಡ ಮಾರಾಯ! ದಶಮಿವರೆಗೆ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ.”

ಮೂರು ದಿನವೂ ಯಾರಾದರೂ ಅದನ್ನು ತೆರೆದು ನೋಡಿಯಾರೆಂಬ ಭಯ. ಊರೆಲ್ಲ ಗರ್ಬಾ ಕುಣಿಯುತ್ತಿದ್ದರೆ ನಾನು ದೇವರ ಕೋಣೆಯ ಬಾಗಿಲಲ್ಲೇ ಸುತ್ತುತ್ತಿದ್ದೆ. ಅಕ್ಕ ಧಣಿಗಳಿಗೆ ಹೇಳಿದರಂತೆ: “ಈ ಹುಡುಗನ ಭಕ್ತಿ ನೋಡಿ!”

ದಶಮಿ ಬೆಳಿಗ್ಗೆ ಆರತಿಯಾಯಿತು. ಪುಸ್ತಕ ಹಂಚಿದರು. “ಎಲ್ಲರೂ ಅವರವರ ಪುಸ್ತಕದ ಮೊದಲ ಪುಟದಿಂದ ನಾಲ್ಕು ಸಾಲು ಓದಬೇಕು” ಅಂದರು ಅಕ್ಕ. ಮಗಳು ಗುಜರಾತಿ ಪಾಠ ಓದಿದಳು. ಧಣಿಗಳು ಪಂಚಾಂಗ ಓದಿದರು. ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ.

ಮೊದಲ ಪುಟ ತೆರೆದೆ. ಕಾರಣ ಒಂದು: ಸಾಂಬಾರು ನೀರು. ಬಾಯಿಗೆ ಬಂದದ್ದು ಹೇಳಿದೆ: “ಅಮ್ಮಾ ಶಾರದೆ, ಒಲೆಯ ಮುಂದೆ ನಿಂತವನನ್ನೂ ಕಾಯಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತವರನ್ನೂ ಕಾಯಿ...”

ಅಕ್ಕನ ಕಣ್ಣು ಒದ್ದೆಯಾಯಿತು. “ಎಷ್ಟು ಚಂದ! ಇನ್ನೊಮ್ಮೆ ಓದು.”

ಇನ್ನೊಮ್ಮೆ ಓದಿದೆ. ಈ ಸಲ ಒಲೆ ಹೋಗಿ ದೋಸೆಕಲ್ಲು ಬಂತು. ಧಣಿಗಳು ಕನ್ನಡಕ ಸರಿಮಾಡಿ ಕೈ ಚಾಚಿದರು: “ಕೊಡು ಇಲ್ಲಿ.”

ಕೊಟ್ಟೆ. ಕೆಲಸವೂ ಹೋಯಿತು, ಪುಸ್ತಕವೂ ಹೋಯಿತು ಅಂದುಕೊಂಡೆ. ಅವರು ಮನಸ್ಸಲ್ಲೇ ನಿಧಾನವಾಗಿ ಓದಿ ಮುಗಿಸಿ, ನಕ್ಷೆಯ ಪುಟಗಳನ್ನೂ ಮಗುಚಿ ತಲೆಯೆತ್ತಿದರು.

“ನಾಲ್ಕನೆಯದು ಸುಳ್ಳು. ನಾನು ಬೆಳಿಗ್ಗೆ ಎದ್ದು ಹಾಡುವುದಲ್ಲ, ಜಪ ಮಾಡುವುದು.”

“ಜಪದ ಸಾಲೂ ಉಂಟಾ ಅದರಲ್ಲಿ?” ಅಂದರು ಅಕ್ಕ, ಇನ್ನೂ ಭಕ್ತಿಯಿಂದ.

“ಎಲ್ಲ ಉಂಟು” ಎಂದು ಧಣಿಗಳು ಪೆನ್ನು ತೆಗೆದರು. “ಇವತ್ತು ಎರಡು ಅಕ್ಷರ ಬರೆಯಲೂ ಬೇಕಲ್ಲ?” ಏಳರ ಕೆಳಗೆ ಏನೋ ಗೀಚಿ, ನನ್ನ ಕಿಸೆಗೆ ತಾವೇ ತುರುಕಿದರು.

ಕೋಣೆಗೆ ಓಡಿ ತೆರೆದು ನೋಡಿದೆ: ‘೮. ಇವನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಗಾಡಿಗೆ ಮೂರು ಚಕ್ರ ಸಾಕಾಗುವುದಿಲ್ಲ, ನಾಲ್ಕು ಹಾಕು.’