ಉಗಾಂಡಾದಿಂದ ಬಂದ ಜ್ವರ

ನಮ್ಮ ಕಾಕಾನಿಗೆ ಇಂದಿನವರೆಗೆ ಒಂದೇ ಒಂದು ಸಾದಾ ನೆಗಡಿ ಬಂದಿಲ್ಲ! ಊರಿಗೆಲ್ಲ ಬರುವ ಜಡ್ಡು ತನಗೂ ಬಂದರೆ ಮರ್ಯಾದೆ ಏನು ಉಳಿಯಿತು? ಸೀನು ಬಂದರೂ ಅದಕ್ಕೆ ಡಾಕ್ಟರು ಕೇಳಿರದ ಹೆಸರು ಬೇಕು. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ, ಧಾರವಾಡದ ಮಾಳಮಡ್ಡಿಯಲ್ಲಿ ಮನೆ. ನಡುವೆ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ತನ್ನ ರೋಗಗಳ ವರದಿ.

ಇಂಥವರು ಈ ವರ್ಷ ಹತ್ತಿ ನೋಡಲು ಉಗಾಂಡಾಕ್ಕೆ ಹೋಗಿಬಂದರು. ಹೋಗುವ ಮೊದಲು ಹಳದಿ ಜ್ವರದ ಲಸಿಕೆ ಕಡ್ಡಾಯವಂತೆ, ಹಾಕಿಸಿಕೊಂಡಿದ್ದರು. ಆದರೂ ಮರಳಿದ ವಾರದೊಳಗೆ ಮೈ ಸುಡತೊಡಗಿತು. ಆಹಾ, ಜನ್ಮ ಸಾರ್ಥಕ! ಕನ್ನಡಿಯೆದುರು ಕಣ್ಣರೆಪ್ಪೆ ಜಗ್ಗಿ ನೋಡಿಕೊಂಡು, "ಹಳದಿ ಜ್ವರಾನ ಇದು. ಧಾರವಾಡಕ್ಕ ನಾನ ಮೊದಲನೇದಾಂವ!" ಎಂದು ಸಾರಿದರು.

ಪಡಸಾಲೆಯಲ್ಲಿ ಸೊಳ್ಳೆ ಪರದೆ ಕಟ್ಟಿಸಿ ಒಳಗೆ ಕುಳಿತರು. ಊಟ, ಚಹಾ ಎಲ್ಲ ಪರದೆಯ ಕೆಳಗಿನಿಂದಲೇ ಸರಬರಾಜು.

"ಜ್ವರ ಬಂದಮ್ಯಾಲ ಸೊಳ್ಳಿ ನೆನಪಾತೇನು? ಹಿತ್ತಲದಾಗಿನ ಬ್ಯಾರಲ್ ಮುಚ್ರಿ ಅಂದ್ರ ಒಂದಿನಾ ಕೇಳ್ಲಿಲ್ಲ," ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಗೊಣಗಿದರು. ನಳಕ್ಕೆ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಬ್ಯಾರಲ್ಲಿಲ್ಲದ ಮನೆ ಎಲ್ಲಿದೆ?

ನಾನೇ ಕಾಕಾನನ್ನು ಹುಬ್ಬಳ್ಳಿಯ ಲ್ಯಾಬಿಗೆ ಕರೆದೊಯ್ದೆ. ಡಾಕ್ಟರ್ ಮೇಡಂ ಬಲಗೈಯಿಂದ ರಕ್ತ ತೆಗೆದದ್ದೇ ತಡ, ಕಾಕಾ ಎಡಗೈ ಚಾಚಿದರು.

"ಒಂದ ಸಾಕ್ರಿ."

"ಹೆಂಗ ಸಾಕಾಕ್ಕೈತ್ರಿ? ಹತ್ತಿ ತುಂಬಿದ ಅಂಡಿಗಿಗೆ ಮೂರು ಕಡೆ ಕೈಹಾಕಿ ಜಗ್ಗಿ ನೋಡದ ನಾ ಮಾಲ ತಗೊಳ್ಳಂಗಿಲ್ಲ. ಮ್ಯಾಲ ಛಲೋದು ಇಟ್ಟು ಒಳಗ ಕಸಾ ತುಂಬಿರ್ತಾರ! ಎಡಗೈದು ತಗೋರಿ, ಆಮ್ಯಾಲ ಕಾಲಿಂದೂ ತಗೋರಿ."

"ರಕ್ತ ಎಲ್ಲಾ ಕಡೆ ಒಂದ ಇರತೈತ್ರಿ, ಯಜಮಾನ್ರ."

"ಮಾಲ ಮಾರಾವ್ರೂ ಹಂಗ ಅಂತಾರ್ರಿ!"

ಮೇಡಂ ಸಿಟ್ಟಾಗದೆ ತಿಳಿಸಿ ಹೇಳಿದರು. ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲಿ ಹಳದಿ ಜ್ವರದ ಪ್ರತಿಕಾಯ ಹೇಗೂ ಸಿಗಬಹುದು. ಅದು ಲಸಿಕೆಯದೋ ರೋಗದ್ದೋ ಹೇಳುವುದು ಕಷ್ಟ. ಅದಕ್ಕೇ ಜ್ವರದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕಬೇಕು, ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಪರವೂರಿನ ದೊಡ್ಡ ಲ್ಯಾಬಿಗೆ ಕಳಿಸಬೇಕು. ತನ್ನ ರಕ್ತ ಐಸ್‌ಕ್ರೀಮಿನಂತೆ ಪ್ರಯಾಣ ಮಾಡುವುದೆಂದು ಕೇಳಿ ಕಾಕಾ ಉಬ್ಬಿದರು. "ಡೆಂಗಿನೂ ನೋಡ್ತೇವ್ರಿ" ಎಂದೊಡನೆ ಮುಖ ಸಪ್ಪಗಾಯಿತು. ಡೆಂಗಿ ಓಣಿಯ ಎಲ್ಲರಿಗೂ ಬರುತ್ತದಲ್ಲ!

ಕೊನೆಗೆ ಮೇಡಂ ಫೋನು ಬಂತು. ಹಳದಿ ಜ್ವರವಲ್ಲ, ಡೆಂಗಿ. ಉಗಾಂಡಾದ ಸೊಳ್ಳೆಗಳು ಮರ್ಯಾದೆಯಿಂದ ಬಿಟ್ಟುಕಳಿಸಿದ ಕಾಕಾನನ್ನು ಅವರದೇ ಬ್ಯಾರಲ್ಲಿನಲ್ಲಿ ಹುಟ್ಟಿ ಬೆಳೆದ ಸೊಳ್ಳೆ ಕಚ್ಚಿತ್ತು!

ಕಾಕಾ ಫೋನಿನಲ್ಲಿ ಒಂದೇ ಮಾತು ಕೇಳಿದರು: "ಇದೂ ಸೊಳ್ಳಿಯಿಂದನ ಹಬ್ಬತೈತೇನ್ರಿ?" ಹೌದೆಂದರು.

"ಇನ್ನರೆ ಪರದೆ ಬಿಚ್ಚಲೇನು ಕಾಕಾ?" ಎಂದೆ. "ಕಚ್ಚೂದು ಕಚ್ಚೇತಿ, ಇನ್ನ ಯಾಕ ಹೆದರಿಕಿ?"

ಕಾಕಾ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ನನ್ನ ಕಡದ ಸೊಳ್ಳಿ ನಿಮ್ಮ ಕಾಕೂನ ಕಡದ್ರ? ಹೋದ ವರ್ಷ ಜಡ್ಡಿನಿಂದ ಎದ್ದಾಕಿ. ಇನ್ನೊಂದು ಜ್ವರ ಆಕಿ ತಡಿಯಂಗಿಲ್ಲಪಾ."

ನನಗೆ ಅವರ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ, ಬ್ಯಾರಲ್ ಮುಚ್ಚಲು ಹಿತ್ತಲಿಗೆ ಹೋದೆ.