ಸೋಲಲು ಬಿಡದ ಸರಸಕ್ಕ

ಗಂಡನಿಗೆ ಬಡ್ತಿ ಸಿಕ್ಕರೆ ಹೆಂಡತಿಗೆ ಖುಷಿಯಾಗಬೇಕು. ಹರ್ಷಿಣಿಗೆ ಮೈಯೆಲ್ಲ ಉರಿಯಿತು. ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಸಿಕ್ಕಿದ್ದರೆ ತಾನೇ ಕೇಸರಿಬಾತ್ ಮಾಡಿ ಹಂಚುತ್ತಿದ್ದಳು. ಆದರೆ ನಿಶಾಂತನಿಗೆ ಬಡ್ತಿ ಸಿಕ್ಕಿದ್ದು ಟೆನಿಸ್ ಕ್ಲಬ್ಬಿನಲ್ಲಿ.

"ಮೂರೂವರೆ ಕಣೇ!" ಎಂದು ಅವನು ಬಾಗಿಲಲ್ಲೇ ರಾಕೆಟ್ ಎತ್ತಿ ಘೋಷಿಸಿದ, ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಯ ಹಾಗೆ. (ಚಕ್ರವರ್ತಿಯ ಸಾಕ್ಸ್‌ನ ವಾಸನೆ ಅವನಿಗಿಂತ ಮೊದಲೇ ಒಳಗೆ ಬಂದಿತ್ತು.)

"ಅದು ಸರಿ, ಈಗ ನಾವಿಬ್ಬರೂ ಸೇರಿ ಎಷ್ಟೋ?"

ರಾಕೆಟ್ ನಿಧಾನವಾಗಿ ಕೆಳಗಿಳಿಯಿತು. "ಅಯ್ಯೋ, ಹೌದಲ್ವಾ!"

ಆ ಕ್ಲಬ್ಬಿನಲ್ಲಿ ಆಡುವವರಿಗೆಲ್ಲ ಒಂದೊಂದು ರೇಟಿಂಗ್. ರೇಟಿಂಗ್ ಪಂದ್ಯ ಗೆದ್ದರೆ ಅರ್ಧ ಏರುತ್ತದೆ, ಸೋತರೆ ಅರ್ಧ ಇಳಿಯುತ್ತದೆ. ವರ್ಷಕ್ಕೊಮ್ಮೆ ನಡೆಯುವ ಗಂಡು-ಹೆಣ್ಣಿನ ಜೋಡಿ ಪಂದ್ಯಕ್ಕೆ ಇಬ್ಬರದೂ ಕೂಡಿದರೆ ಆರು ದಾಟಕೂಡದು. ನಿನ್ನೆಯವರೆಗೆ ಅವನು ಮೂರು, ಇವಳು ಮೂರು. ಲೆಕ್ಕ ಸರಿಯಾಗಿದ್ದ ಸಂಸಾರ.

ಮಗಳು ಮೌನ ಹುಟ್ಟಿದ ಮೇಲೆ ಗಂಡ-ಹೆಂಡತಿಯ ಸರಸ ಸಂಭಾಷಣೆಯೆಂದರೆ "ಡಯಾಪರ್ ತಂದ್ಯಾ?" "ಗೀಸರ್ ಆರಿಸಿದ್ಯಾ?" ಇಷ್ಟೇ ಆಗಿತ್ತು. (ಮಗುವಿಗೆ ಆ ಹೆಸರನ್ನು ಅದು ಹುಟ್ಟುವ ಮೊದಲೇ ಆರಿಸಿದ್ದರು. ಗಂಟಲು ಕೇಳಿದ್ದರೆ ಇಡುತ್ತಿರಲಿಲ್ಲ.) ಪಂದ್ಯದ ದಿನ ಮಗುವನ್ನು ನೋಡಿಕೊಳ್ಳಲು ಹರ್ಷಿಣಿಯ ಚಿಕ್ಕಮ್ಮ ಮೈಸೂರಿನಿಂದ ಬಂದಿದ್ದರು. ಒಂದೇ ಒಂದು ಬೆಳಿಗ್ಗೆ, ನಡುವೆ ಮಗುವಿಲ್ಲದೆ, ಇಬ್ಬರೂ ಬಲೆಯ ಒಂದೇ ಬದಿಗೆ ನಿಲ್ಲುವುದು: ಹರ್ಷಿಣಿ ಕಾಯುತ್ತಿದ್ದದ್ದು ಅದಕ್ಕೆ.

"ಬಿಡು, ಈ ಸಲ ಬೇರೆ ಬೇರೆ ಜೋಡಿ ಹುಡುಕ್ಕೊಳ್ಳೋಣ" ಎಂದ ನಿಶಾಂತ್.

"ನಿನಗೆ ಎಷ್ಟು ಸುಲಭವಾಗಿ ಬಾಯಿಗೆ ಬಂತು ನೋಡು!"

ಆ ಕ್ಷಣವೇ ಅವಳು ಭೀಷಣ ಪ್ರತಿಜ್ಞೆ ಮಾಡಿದಳು. ತನಗೊಂದು ರೇಟಿಂಗ್ ಪಂದ್ಯ ಬಾಕಿಯಿದೆ. ಅದನ್ನು ಸೋತು ಎರಡೂವರೆಗೆ ಇಳಿದುಬಿಡುವುದು. ಗಂಡನಿಗೆ ಹೇಳುವುದು ಬೇಡ, ಅಚ್ಚರಿಯಾಗಲಿ.

ಎದುರಾಳಿ ವೆಸ್ಟ್ ಮಾಂಬಲಂನ ಸಸ್ಯಾಹಾರಿ ಹೋಟೆಲಿನ ಯಜಮಾನಿ ಸರಸಕ್ಕ. ಅವರದೂ ಮೂರು. ಉಡುಪಿ ಕಡೆಯವರು.

ಹರ್ಷಿಣಿ ಮೊದಲ ಸರ್ವ್ ಅನ್ನು ಭಕ್ತಿಯಿಂದ ಬಲೆಗೆ ಅರ್ಪಿಸಿದಳು. ಎರಡನೆಯದನ್ನೂ. ಸರಸಕ್ಕನ ಸರದಿ ಬಂದಾಗ ಅವರ ಚೆಂಡು ಪಕ್ಕದ ಬೇವಿನ ಮರದ ಕಾಗೆಯನ್ನು ಎಬ್ಬಿಸಿತು. ಸ್ವಲ್ಪ ಹೊತ್ತಿನಲ್ಲೇ ಹರ್ಷಿಣಿಗೆ ಅನುಮಾನ ಶುರುವಾಯಿತು. ಅಂಪೈರ್ ಇಲ್ಲದ ಆಟ; ಚೆಂಡು ಯಾರ ಬದಿಗೆ ಬಿತ್ತೋ ಅವರು ಹೇಳಿದ್ದೇ ತೀರ್ಪು.

"ಸರಸಕ್ಕ, ನಾನು ಹೊಡೆದದ್ದು ಔಟ್ ಹೋಯ್ತು!"

"ಇಲ್ಲ ಮಾರಾಯ್ತಿ, ಗೆರೆ ಮೇಲೆಯೇ ಉಂಟು. ಪಾಯಿಂಟ್ ನಿಂದೇ."

"ಒಂದು ಮೊಳ ಆಚೆ ಬಿದ್ದಿದೆ!"

"ನನ್ನ ಬದಿಯಲ್ಲಿ ಬಿದ್ದದ್ದಲ್ವಾ? ತಗೊ, ಸಂಕೋಚ ಮಾಡ್ಬೇಡ."

ಬೇಡವೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಎಲೆಗೆ ಹೋಳಿಗೆ ಜಾರಿಸುವ ಉಪಚಾರ! ಹರ್ಷಿಣಿಯೂ ಬಿಡಲಿಲ್ಲ. ಬೇಲಿಗೆ ಬಡಿದ ಸರಸಕ್ಕನ ಚೆಂಡನ್ನು "ಒಳಗೇ ಬಿತ್ತು, ಅಕ್ಕ" ಎಂದು ಬಡಿಸಿದಳು. ಅಂಕ ಬರೆಯುತ್ತಿದ್ದ ಕ್ಲಬ್ಬಿನ ಬಾಬು "ಎನ್ನಮ್ಮಾ ಇದು?" ಎಂದು ತಮಿಳಿನಲ್ಲಿ ಗೊಣಗಿ ತಲೆ ಕೆರೆದುಕೊಂಡ.

ಕೊನೆಗೆ ಹರ್ಷಿಣಿ ಬಲೆಯ ಹತ್ತಿರ ಬಂದಳು. "ನಿಜ ಹೇಳಿ ಅಕ್ಕ, ಬೇಕಂತಲೇ ಸೋಲ್ತಿದೀರಾ?"

"ಮತ್ತೆಂತ ಮಾಡುದು? ಗೆದ್ರೆ ಮೇಲಿನ ಗುಂಪಿಗೆ ಹಾಕ್ತಾರೆ. ಅವರ ಆಟ ದಿನಾ ಬೆಳಿಗ್ಗೆ ಆರಕ್ಕೆ. ಹೋಟೆಲಲ್ಲಿ ಇಡ್ಲಿಗೆ ಜನ ನುಗ್ಗುವ ಹೊತ್ತು. ಆಗ ನಾನಿಲ್ಲಿ ಚೆಂಡು ಹೊಡೀತಾ ನಿಂತ್ರೆ ನಮ್ಮವರು ನನ್ನನ್ನೇ ಹಬೆಯಲ್ಲಿಡ್ತಾರೆ. ನಿಂಗೆಂತ ಆಯ್ತು?"

"ನನಗೆ ಗಂಡನ ಜೊತೆ ಆಡ್ಬೇಕು."

"ಅಯ್ಯೋ ಪಾಪ!" ಸರಸಕ್ಕನ ಕಣ್ಣು ಒದ್ದೆಯಾಯಿತು. "ಮೊದಲೇ ಹೇಳ್ಲಿಕ್ಕಾಗುದಿಲ್ವಾ?"

ಮುಂದಿನ ಚೆಂಡಿಗೆ ಎರಡು ಹೆಜ್ಜೆ ಓಡಿದವರೇ "ಅಮ್ಮಾ!" ಎಂದು ಕುಸಿದು ಪಾದ ಹಿಡಿದುಕೊಂಡರು. ಹರ್ಷಿಣಿ ರಾಕೆಟ್ ಎಸೆದು ಓಡಿದಳು. ತಾಯಿಯಾದವಳಿಗೆ ಅಳುವ ಮುಖ ಕಂಡರೆ ಬುದ್ಧಿ ಕೆಲಸ ಮಾಡುವುದಿಲ್ಲ. ಪಾದಕ್ಕೆ ತಣ್ಣೀರು ಹಾಕಿದಳು, ತೊಡೆಯ ಮೇಲಿಟ್ಟುಕೊಂಡು ನೀವಿದಳು. "ಸಾಕು ಅಕ್ಕ, ಇನ್ನು ಆಡಲೇಬೇಡಿ!" ಎಂದು ಆಜ್ಞೆಯನ್ನೂ ಮಾಡಿದಳು.

"ನೀನು ಹೇಳಿದ ಮೇಲೆ ಆಯ್ತು" ಎಂದು ಸರಸಕ್ಕ ತಕ್ಷಣ ಒಪ್ಪಿಕೊಂಡರು.

"ಅವರು ಆಡಲಿಲ್ಲಾಂದ್ರೆ ನೀವೇ ವಿನ್ನರ್!" ಎಂದು ಬಾಬು ಚಪ್ಪಾಳೆ ತಟ್ಟಿದ.

ಸರಸಕ್ಕ ಕುಂಟುತ್ತ ಗೇಟಿನವರೆಗೆ ಹೋಗಿ, ಅದೇ ನೋವಿನ ಕಾಲಿನಿಂದ ಸ್ಕೂಟರಿನ ಸ್ಟ್ಯಾಂಡ್ ಒದ್ದು, ಹಾರ್ನ್ ಹೊಡೆದು ಹೊರಟುಹೋದರು.

ಮನೆಯಲ್ಲಿ ನಿಶಾಂತ್ ಅವಳನ್ನು ಎತ್ತಿಯೇಬಿಟ್ಟ. "ನೀನೂ ಮೂರೂವರೆ! ಚಿಕ್ಕಮ್ಮ, ನಿಮ್ಮ ಮಗಳು ಗೆದ್ದಳು!" ಚಿಕ್ಕಮ್ಮ ಶಾವಿಗೆ ಪಾಯಸಕ್ಕಿಟ್ಟರು. ಸೋಲಲು ಹೋಗಿದ್ದೆ ಎಂದು ಹರ್ಷಿಣಿ ಯಾವ ಬಾಯಲ್ಲಿ ಹೇಳಿಯಾಳು?

"ನೀನು ಬೇಜಾರು ಮಾಡ್ಕೋಬೇಡ ಕಣೇ, ನನಗೆ ಜೋಡಿ ಸಿಕ್ಕಿತು" ಎಂದ ಅವನು. "ಈಗಷ್ಟೇ ಎರಡೂವರೆಗೆ ಇಳಿದವರು. ನನ್ನದು ಸೇರಿಸಿದರೆ ಸರಿಯಾಗಿ ಆರು! ತಾವೇ ಫೋನ್ ಮಾಡಿ ಕೇಳಿದರು."

ಹರ್ಷಿಣಿಯ ಕಿವಿಯಲ್ಲಿ ಸರಸಕ್ಕನ ಸ್ಕೂಟರಿನ ಹಾರ್ನ್ ಇನ್ನೊಮ್ಮೆ ಹೊಡೆಯಿತು.

ಜೋಡಿ ಪಂದ್ಯದ ಬೆಳಿಗ್ಗೆ, ಇಡ್ಲಿಯ ಗಡಿಬಿಡಿಯೆಲ್ಲ ಮುಗಿದ ಹತ್ತು ಗಂಟೆಗೆ, ಅವಳು ಮೌನಳನ್ನು ಸೊಂಟಕ್ಕೇರಿಸಿ ಬೇಲಿಯಾಚೆ ನಿಂತಿದ್ದಳು. (ಅಳಿಯನ ಆಟ ನೋಡಬೇಕೆಂದು ಚಿಕ್ಕಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು.) ಒಳಗೆ ಸರಸಕ್ಕ ಜಿಂಕೆಯಂತೆ ನೆಗೆಯುತ್ತಿದ್ದರು. ಅವರು ಬೀಸಿದ ಒಂದು ಚೆಂಡು ಬೇಲಿ ಹಾರಿ ಹರ್ಷಿಣಿಯ ಕಾಲ ಬುಡಕ್ಕೇ ಬಂದು ಬಿತ್ತು.

"ಹರ್ಷಿಣೀ, ಅದೊಂದು ಹೆಕ್ಕಿ ಕೊಡು ಮಾರಾಯ್ತಿ! ನಿನ್ನ ಗಂಡ ಕಾಯ್ತಾ ಇದ್ದಾನೆ!"